ಸೂಜಿ ಕುದಿಯುವಷ್ಟು ಹೊತ್ತು

ನನ್ನ ತಂಗಿಯನ್ನು ಕೊಂದದ್ದು ನೀರು. ಸರಕಾರದ ಸಂಬಳ ತೆಗೆದುಕೊಳ್ಳುವ ಒಬ್ಬ ಮನುಷ್ಯ ಸಿರಿಂಜಿನಲ್ಲಿ ತುಂಬಿಸಿ ಅವಳ ಸೊಂಟಕ್ಕೆ ಚುಚ್ಚಿದ ಬರೀ ನೀರು. ಅವಳಿಗೆಂದು ಬಂದ ಮದ್ದನ್ನು ಅವನು ಬೇರೆ ಕಡೆ ಮಾರಿದ. ನಾವು ಅವನಿಗೆ ಬೆಲ್ಲ ನೀರು ಕೊಟ್ಟು, ಮೀನು ಕೊಟ್ಟು, ಕೈ ಮುಗಿದು ಕಳಿಸಿದೆವು. ಆದದ್ದು ಇಷ್ಟೇ. ಇದನ್ನು ಯಾರಾದರೂ ನನ್ನೆದುರು ಹಣೆಬರಹ ಎಂದರೆ ನಾನು ಎದ್ದು ಹೋಗುತ್ತೇನೆ.

ನಮ್ಮ ಮನೆ ಕಾಪುವಿನಲ್ಲಿ, ಕಡಲಿನಿಂದ ಸ್ವಲ್ಪ ಈಚೆ. ಅಣ್ಣ ದೋಣಿಗೆ ಹೋಗುತ್ತಿದ್ದ. ನಾನು ಮೀನು ಮಾರುವವಳು. ಬೆಳಿಗ್ಗೆ ಬುಟ್ಟಿ ತುಂಬಿಸಿಕೊಂಡು ಉಡುಪಿಯ ಬಸ್ಸು ಹತ್ತಿ, ಅಲ್ಲಿಂದ ಮಣಿಪಾಲಕ್ಕೆ ಹೋಗಿ, ಕ್ವಾರ್ಟರ್ಸ್‌ಗಳ ಹಿಂದಿನ ಬಾಗಿಲುಗಳಲ್ಲಿ ಕೂಗುತ್ತಿದ್ದೆ. ಗಂಡ ಬೇಗ ಹೋದ, ನನಗೆ ಮಕ್ಕಳಾಗಲಿಲ್ಲ. ಇವತ್ತು ನನ್ನನ್ನು ಅಜ್ಜಿ ಎಂದು ಕರೆಯುವ ಮಕ್ಕಳು ತಂಗಿಯ ಮಗಳ ಮಕ್ಕಳು. ಅವರ ನಿಜವಾದ ಅಜ್ಜಿ ಎಲ್ಲಿ ಎಂದು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ನನ್ನ ಓದು ಶಾಲೆಯ ಮೊದಲ ಬೆಂಚಿನಿಂದ ಹಿಂದಿನ ಬೆಂಚಿಗೆ ಹೋಗುವ ಮೊದಲೇ ನಿಂತದ್ದು. ಬರೆದದ್ದು ಒರಟಾಗಿದ್ದರೆ ಒರಟೇ ಇರಲಿ.

ತಂಗಿ ನನಗಿಂತ ತುಂಬ ಸಣ್ಣವಳು. ಅಮ್ಮ ತೀರಿಕೊಂಡ ಮೇಲೆ ನನ್ನ ಸೊಂಟದ ಮೇಲೆಯೇ ಬೆಳೆದವಳು. ಮಲ್ಲಿಗೆ ಕಟ್ಟಲು ಕೂತರೆ ಅವಳ ಬೆರಳಿನ ನಡುವೆ ಬಾಳೆನಾರು ಕಣ್ಣಿಗೆ ಕಾಣುತ್ತಿರಲಿಲ್ಲ, ಹೂವು ತಾನಾಗಿ ಸಾಲು ನಿಂತ ಹಾಗೆ ಕಾಣುತ್ತಿತ್ತು. ಕಾರ್ಕಳದ ಕಡೆಗೆ ಮದುವೆ ಮಾಡಿ ಕೊಟ್ಟೆವು. ಒಂದು ಹೆಣ್ಣು ಮಗು ಹುಟ್ಟಿತು. ಮಗು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಅವಳಿಗೆ ಕೆಮ್ಮು ಹತ್ತಿಕೊಂಡಿತು. ಕಫದಲ್ಲಿ ರಕ್ತ ಕಂಡ ವಾರವೇ ಗಂಡನ ಮನೆಯವರು ಬಾಡಿಗೆ ಕಾರು ಮಾಡಿ ಅವಳನ್ನೂ ಮಗುವನ್ನೂ ನಮ್ಮ ಅಂಗಳದಲ್ಲಿ ಇಳಿಸಿದರು. ಕೊಟ್ಟ ನೀರು ಕುಡಿಯಲಿಲ್ಲ. ಗಂಡ ಕಾರಿನಿಂದ ಇಳಿಯಲೇ ಇಲ್ಲ. ಅವನು ಇಳಿದು ಎಂತ ಮಾಡುತ್ತಿದ್ದ? ಹಾಗಾಗಿ ಅದನ್ನು ಬಿಡುತ್ತೇನೆ.

ಉಡುಪಿಯ ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದು ಟಿ.ಬಿ. ಎಂದರು. ಅದು ಎಂಬತ್ತರ ದಶಕದ ಶುರು. ಹಿಂದೆ ಕ್ಷಯ ಬಂದವರನ್ನು ದೂರದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರಂತೆ. ಈಗ ಅದು ಬೇಡ, ಮನೆಯಲ್ಲೇ ಇದ್ದು ಗುಣ ಮಾಡಿಕೊಳ್ಳಬಹುದು, ನಡೆದು ಬರಲು ಆಗದವರ ಮನೆಗೆ ಸರಕಾರವೇ ಜನ ಕಳಿಸಿ ಇಂಜೆಕ್ಷನ್ ಕೊಡಿಸುತ್ತದೆ, ಎಲ್ಲ ಪುಕ್ಕಟೆ ಎಂದು ಅಲ್ಲಿಯ ಡಾಕ್ಟರು ವಿವರಿಸಿದರು. ಅವರು ಒಳ್ಳೆಯವರು. ತಂಗಿಯ ಕಣ್ಣು ನೋಡಿಯೇ ಮಾತನಾಡಿದರು.

"ಇಂಜೆಕ್ಷನ್ನೂ ಗುಳಿಗೆಯೂ ಎರಡೂ ಸರಿಯಾಗಿ ಹೋಗಬೇಕು. ಹೋದರೆ ಗುಣ ಆಗ್ತದೆ. ಕಫ ಶುದ್ಧ ಆಗುವವರೆಗೆ ಮಗುವನ್ನು ಹತ್ತಿರ ಸೇರಿಸಬಾರದು, ತಿಳಿಯಿತಾ?"

"ಆಮೇಲೆ ಎತ್ತಿಕೊಳ್ಬಹುದಾ?" ಎಂದು ತಂಗಿ ಕೇಳಿದಳು.

"ಆಮೇಲೆ ಇಳಿಸುವುದೇ ಬೇಡ," ಎಂದು ಅವರು ನಕ್ಕರು.

ಅವಳು ಬದುಕಬೇಕೆಂದು ಹಟ ಹಿಡಿದದ್ದು ಆ ಒಂದು ಮಾತಿಗೆ. ನಮ್ಮ ಮನೆಯ ಹಿಂದೆ ಹೆಂಚಿನ ಮಾಡು ಇಳಿಸಿ ಕಟ್ಟಿದ ಕೋಣೆಯಿತ್ತು, ಬಲೆ ಇಡುವಂಥದ್ದು. ಬಲೆ ತೆಗೆದು ಅವಳ ಚಾಪೆ ಹಾಕಿದೆವು. ಮಗು ಮೆಟ್ಟಿಲ ಕೆಳಗೆ ನಿಂತು "ಅಮ್ಮ, ಬಾ" ಎನ್ನುತ್ತಿತ್ತು. ಇವಳು ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗಿನಿಂದಲೇ ಮುಖ ತಿರುಚಿ ನಗಿಸುತ್ತಿದ್ದಳು. ಮಗು ಮೆಟ್ಟಿಲು ಹತ್ತಲು ನೋಡಿದರೆ "ಅಕ್ಕ, ಹಿಡಿ ಅವಳನ್ನು!" ಎಂದು ಕಿರುಚುವವಳೂ ಅವಳೇ. ಅಂಗಳದ ಅಬ್ಬಲಿಗೆ ಹೂವನ್ನು ನಾನು ಕೊಯ್ದು ಕೊಟ್ಟರೆ ಕಟ್ಟುತ್ತಿದ್ದಳು. ಕಟ್ಟಿ, ನೋಡಿ, ಪಕ್ಕಕ್ಕಿಡುತ್ತಿದ್ದಳು. ಮಗುವಿಗೆ ಮುಡಿಸು ಎಂದು ಒಂದು ದಿನವೂ ಹೇಳಲಿಲ್ಲ. ಕೈ ಮರೆಯಬಾರದು ಎಂದು ಕಟ್ಟುವುದು ಎನ್ನುತ್ತಿದ್ದಳು.

ಮನೆಗೆ ಬರತೊಡಗಿದವರು ಆರೋಗ್ಯ ಕೇಂದ್ರದ ಒಬ್ಬ ಕಂಪೌಂಡರು. ಯಾವ ಕೇಂದ್ರ ಎಂದು ಬರೆಯುವುದಿಲ್ಲ. ನಮ್ಮ ಕಡೆ ಸೂಜಿ ಹಿಡಿದವರೆಲ್ಲ ಡಾಕ್ಟ್ರೇ, ಹಾಗಾಗಿ ನಾವು ಅವರನ್ನು ಡಾಕ್ಟ್ರೆ ಎಂದೇ ಕರೆದೆವು. ಮೇಲೆ ಅವನು ಎಂದು ಬರೆದೆ, ಆದರೆ ಆಗಿನ ಮಾತು ಹೇಳುವಾಗ ಬಾಯಿಗೆ ಅವರು ಎಂದೇ ಬರುತ್ತದೆ. ಸೈಕಲ್ಲಿನಲ್ಲಿ ಬರುತ್ತಿದ್ದರು. ಇಸ್ತ್ರಿ ಹಾಕಿದ ಅಂಗಿ, ಹಣೆಯಲ್ಲಿ ಗಂಧ. ಸರಕಾರಿ ಚೀಲವನ್ನು ಬಟ್ಟೆಯ ಚೀಲದೊಳಗೆ ಇಟ್ಟುಕೊಂಡು ಬರುತ್ತಿದ್ದರು, ಊರಿನವರಿಗೆ ಗೊತ್ತಾಗಬಾರದೆಂದು. ಅಣ್ಣ ಕೇಳಿಕೊಂಡದ್ದಕ್ಕೆ ಹಾಗೆ. ಅತ್ತಿಗೆ ಮಲ್ಲಿಗೆ ಕಟ್ಟಿ ಮಾರುತ್ತಿದ್ದಳು, ಕ್ಷಯದ ಮನೆಯ ಹೂವನ್ನು ಯಾರೂ ಮುಡಿಯುವುದಿಲ್ಲ.

"ಅದಕ್ಕೆಂತ, ನಾನು ನಿಮ್ಮ ಸಂಬಂಧಿಕ ಅಂತ ಹೇಳಿ," ಎಂದರು ಅವರು. "ಕೇಳಿದವರಿಗೆ ಅಜ್ಜಿಗೆ ಸಂಧಿವಾತ, ಅದಕ್ಕೆ ಎಣ್ಣೆ ತಂದದ್ದು ಅಂತ ಹೇಳ್ತೇನೆ."

"ನಮ್ಮಲ್ಲಿ ಅಜ್ಜಿಯೇ ಇಲ್ಲ ಡಾಕ್ಟ್ರೆ," ಎಂದೆ.

"ಹಾಗಾದ್ರೆ ನೀವೇ ಅಜ್ಜಿ ಆಗಿ," ಎಂದು ನನ್ನನ್ನು ತೋರಿಸಿದರು. ತಂಗಿ ಕೆಮ್ಮು ಬರುವಷ್ಟು ನಕ್ಕಳು. ನಮ್ಮ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು.

ಅವರು ನಮ್ಮ ಮನೆಯ ನೀರು ಕುಡಿದರು. ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿ ಗಟಗಟನೆ ಕುಡಿದರು. ಗಂಡನ ಮನೆಯವರು ಮುಟ್ಟದ ನೀರದು. ಅಣ್ಣನಿಗೆ ಕಣ್ಣು ತುಂಬಿತು. ಆ ಮನುಷ್ಯ ಒಂದು ಕಾಸು ಕೇಳಲಿಲ್ಲ. ಒಂದು ದಿನ ತಪ್ಪಿಸಲಿಲ್ಲ, ಮಳೆಗಾಲದಲ್ಲೂ. ನಾವು ತಿಳಿದ ಪ್ರಕಾರ ಕಳ್ಳ ಎಂದರೆ ಬಾರದೆ ಇರುವವ, ಅಥವಾ ಬಂದು ಕೈ ಚಾಚುವವ. ಇವರು ಎರಡೂ ಅಲ್ಲವಲ್ಲ.

ಆಗ ಗಾಜಿನ ಸಿರಿಂಜು. ಪ್ರತಿ ಸಲ ಸೂಜಿಯನ್ನೂ ಸಿರಿಂಜನ್ನೂ ನೀರಿನಲ್ಲಿ ಕುದಿಸಬೇಕು. ಅವರು ಸ್ಟೀಲಿನ ಡಬ್ಬಿಯಿಂದ ಎರಡನ್ನೂ ತೆಗೆದು ನನ್ನ ಕೈಗೆ ಕೊಡುತ್ತಿದ್ದರು.

"ಒಳ್ಳೆ ಕುದೀಲಿ ಅಕ್ಕ. ಅರ್ಧಂಬರ್ಧ ಕುದಿಸಿದ್ರೆ ಕೀವು ಆಗ್ತದೆ. ಅವಸರ ಇಲ್ಲ ನನಗೆ."

ನಮ್ಮ ಅಡುಗೆಮನೆ ಮುಂದಿನ ಬದಿ, ತಂಗಿಯ ಕೋಣೆ ಹಿಂದೆ. ನಾನು ಒಲೆಗೆ ತೆಂಗಿನ ಸೋಗೆ ತುರುಕಿ ನೀರು ಕುದಿಸಿ, ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಹಿಂದೆ ಹೋಗುವ ಹೊತ್ತಿಗೆ ಕಿಟಕಿಯ ದಂಡೆಯ ಮೇಲೆ ಸಣ್ಣ ಬಾಟ್ಲಿಯಲ್ಲಿ ಮದ್ದು ಕಲಸಿ ತಯಾರಾಗಿರುತ್ತಿತ್ತು. ತಂಗಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಸೂಜಿ ನೋಡಿದರೆ ಅವಳಿಗೆ ಹೆದರಿಕೆ. ಬಾಟ್ಲಿಯಲ್ಲಿದ್ದದ್ದನ್ನು ಎಳೆದು ಚುಚ್ಚುತ್ತಿದ್ದರು. ಖಾಲಿ ಬಾಟ್ಲಿಯನ್ನು ಜೋಪಾನವಾಗಿ ಚೀಲಕ್ಕೆ ಹಾಕುತ್ತಿದ್ದರು. ಆಫೀಸಿಗೆ ವಾಪಸು ತೋರಿಸಬೇಕಂತೆ.

ಇನ್ನೊಂದು ವಿಷಯ ಹೇಳಬೇಕು. ನಮ್ಮಲ್ಲಿ ಕೈಗುಣ ಎಂದು ಒಂದುಂಟು. ಅದೇ ಕಷಾಯ ಒಬ್ಬರ ಕೈಯಿಂದ ಹಿಡಿಯುತ್ತದೆ, ಇನ್ನೊಬ್ಬರ ಕೈಯಿಂದ ಹಿಡಿಯುವುದಿಲ್ಲ. ಮಲ್ಲಿಗೆಯ ಗೆಲ್ಲು ಮಣ್ಣಿಗೆ ಊರುವುದಕ್ಕೂ ಕೈಗುಣ ಇದ್ದವರನ್ನು ಕರೆಯುತ್ತೇವೆ. ಉಡುಪಿಯ ಆಸ್ಪತ್ರೆಯಲ್ಲಿ ಇದೇ ಇಂಜೆಕ್ಷನ್ ಕೊಟ್ಟ ದಿನಗಳಲ್ಲಿ ತಂಗಿಗೆ ತುಟಿಯ ಸುತ್ತ ಜುಂ ಎನ್ನುತ್ತಿತ್ತು. ಎದ್ದು ನಿಂತರೆ ತಲೆ ತಿರುಗಿ ಗೋಡೆ ಹಿಡಿಯುತ್ತಿದ್ದಳು. "ತುಟಿ ನನ್ನದೇ ಅಲ್ಲದ ಹಾಗೆ ಆಗ್ತದೆ ಅಕ್ಕ" ಎನ್ನುತ್ತಿದ್ದಳು. ಮನೆಗೆ ಬರುವವರು ಚುಚ್ಚಲು ಶುರು ಮಾಡಿದ ಮೇಲೆ ಅದು ಯಾವುದೂ ಇಲ್ಲ. ಚುಚ್ಚಿಸಿಕೊಂಡು ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು.

"ಮದ್ದು ಅದೇ ಅಲ್ವಾ ಡಾಕ್ಟ್ರೆ?" ಎಂದು ಅಣ್ಣ ಒಮ್ಮೆ ಕೇಳಿದ. ಸಂಶಯದಿಂದಲ್ಲ, ಸಂತೋಷದಿಂದ.

"ಅದೇ ಮದ್ದು, ಅದೇ ಸರಕಾರ."

"ಹಾಗಾದ್ರೆ ನಿಮ್ಮ ಕೈಗುಣ!"

ಅವರು ತಲೆ ತಗ್ಗಿಸಿ ನಕ್ಕರು. ಬೇಡ ಎನ್ನಲಿಲ್ಲ.

ಅಂದಿನಿಂದ ಅವರಿಗೆಂದು ನಾನು ಬುಟ್ಟಿಯ ಒಳ್ಳೆಯ ಬಂಗುಡೆ ತೆಗೆದಿಡತೊಡಗಿದೆ. ಕಣ್ಣು ಹೊಳೆಯುವುದು, ಬೆನ್ನು ಗಟ್ಟಿ ಇರುವುದು. ಎಲೆಯಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿ ಕೊಡುತ್ತಿದ್ದೆ.

ಅವಳು ಮೊದಮೊದಲು ಚೇತರಿಸಿಕೊಂಡದ್ದೂ ಹೌದು. ಗುಳಿಗೆಗಳು ನಿಜವಾದವೇ ಇದ್ದವು, ಅವುಗಳಿಗೆ ಹೊರಗೆ ಬೆಲೆ ಕಡಿಮೆ. ಕೆಮ್ಮು ಇಳಿಯಿತು. ಕೆನ್ನೆ ಸ್ವಲ್ಪ ತುಂಬಿತು. ಬಳೆ ಮೊಣಕೈವರೆಗೆ ಜಾರುವುದು ನಿಂತಿತು.

"ಡಾಕ್ಟ್ರೆ, ಮಗುವನ್ನು ಎತ್ತಿಕೊಳ್ಳುವುದು ಯಾವಾಗ?" ಅವಳು ಬಂದಾಗಲೆಲ್ಲ ಕೇಳುತ್ತಿದ್ದಳು.

"ಇನ್ನು ಸ್ವಲ್ಪ ದಿನ ಅಷ್ಟೆ ತಂಗೀ."

ಅವಳನ್ನು ತಂಗೀ ಎಂದ ಬಾಯಿ ಅದು. ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯುವುದು ಅದೇ.

ನಡುವೆ ಅವರ ಮನೆಯಲ್ಲಿ ಎಂತದೋ ಕಾರ್ಯಕ್ರಮ ಎಂದು ರಜೆ ಹಾಕಿದರು. ಬದಲಿಗೆ ಒಬ್ಬರು ನರ್ಸಮ್ಮ ಬಂದರು. ಮಲಯಾಳಿ, ಕಪ್ಪು ಕೊಡೆ, ಮುಖದಲ್ಲಿ ನಗು ಎಂಬುದಿಲ್ಲ. ನೀರು ಬೇಡ, ಬೆಲ್ಲ ಬೇಡ ಎಂದರು. ಸೂಜಿಯನ್ನು ಮನೆಯಲ್ಲೇ ಕುದಿಸಿ ತಂದಿದ್ದೇನೆ ಎಂದರು. ಬಾಟ್ಲಿ ತೆಗೆದು ತಂಗಿಯ ಮುಖದ ಹತ್ತಿರವೇ ಅದರ ತಗಡಿನ ಮುಚ್ಚಳವನ್ನು ಟಕ್ ಎಂದು ಕಿತ್ತರು. ಒಳಗೆ ಬಿಳಿ ಪುಡಿ. ನೀರು ಹಾಕಿ ಅಲ್ಲಾಡಿಸಿ ಬೆಳಕಿಗೆ ಹಿಡಿದು ನೋಡಿದರು. ನಮಗೆ ಅದು ಜಂಬ ಎಂದು ಕಂಡಿತು.

ಸಂಜೆಗೆ ತಂಗಿಯ ತುಟಿ ಜುಂ ಎಂದಿತು. ತಲೆ ತಿರುಗಿ ವಾಂತಿ ಮಾಡಿಕೊಂಡಳು. ಮರುದಿನವೂ ಹಾಗೆಯೇ.

"ಈ ಅಮ್ಮನ ಕೈ ಭಾರ ಅಕ್ಕ," ಎಂದಳು. "ನನಗೆ ಇದು ಆಗುವುದಿಲ್ಲ. ಅವರೇ ಬರಲಿ."

ಅಣ್ಣ ನರ್ಸಮ್ಮನಿಗೆ ಹೇಳಿಯೇಬಿಟ್ಟ. "ನೀವು ತಪ್ಪು ತಿಳಿಯಬೇಡಿ. ನಮ್ಮ ಡಾಕ್ಟ್ರು ಕೊಟ್ರೆ ಇವಳಿಗೆ ಇಂಥದ್ದೆಲ್ಲ ಆಗುದಿಲ್ಲ. ಅವರ ಕೈಗುಣ ಬೇರೆ."

ಅವರು ಸಿರಿಂಜು ಒರೆಸುತ್ತಿದ್ದವರು ನಿಲ್ಲಿಸಿದರು. "ಆಗುವುದಿಲ್ಲವಾ? ತಲೆ ತಿರುಗುವುದಿಲ್ಲ? ತುಟಿ?"

"ಇಲ್ಲ ಇಲ್ಲ, ಎಂತದೂ ಇಲ್ಲ," ಎಂದೆ ನಾನು. ಹೆಮ್ಮೆಯಿಂದಲೇ ಎಂದೆ.

"ಒಂದು ದಿವಸವೂ ಇಲ್ಲ?"

"ಒಂದು ದಿವಸವೂ ಇಲ್ಲ ಅಮ್ಮ. ನಿಮ್ಮದರಲ್ಲಿ ಮಾತ್ರ."

ಅವರು ಕಿಟಕಿಯ ದಂಡೆಯನ್ನು ನೋಡಿದರು, ತಂಗಿಯನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಕನ್ನಡ ಅವರಿಗೆ ತಡೆದು ತಡೆದು ಬರುತ್ತಿತ್ತು. "ಈ ಮದ್ದು ಹಾಗೆ ಮಾಡ್ತದೆ. ಮಾಡಬೇಕು," ಎಂದರು. ಅಣ್ಣ ಆಗಲೇ ಬಾಗಿಲು ಬಿಟ್ಟು ಅತ್ತ ಸರಿದು ನಿಂತಿದ್ದ, ಹೋಗಲಿ ಎನ್ನುವ ಹಾಗೆ. ಅವರು ಕೊಡೆ ಎತ್ತಿಕೊಂಡರು. ಮರುದಿನ ಅಣ್ಣ ಆರೋಗ್ಯ ಕೇಂದ್ರಕ್ಕೆ ಹೋಗಿ, ಆ ನರ್ಸು ಬೇಡ, ನಮ್ಮವರು ರಜೆ ಮುಗಿಸಿ ಬರುವವರೆಗೆ ಕಾಯುತ್ತೇವೆ ಎಂದು ಹೇಳಿ ಬಂದ. ಅಷ್ಟು ದಿನ ಇಂಜೆಕ್ಷನ್ ಇಲ್ಲದೆ ಕಾದೆವು. ನಿಜವಾದ ಮದ್ದು ಮನೆ ಬಾಗಿಲಿಗೆ ಬಂದಿತ್ತು, ನಾವು ಅದನ್ನು ಮೆಟ್ಟಿಲು ಇಳಿಸಿ ಕಳಿಸಿದೆವು. ಕಂಪೌಂಡರು ವಾಪಸು ಬಂದ ದಿನ ತಂಗಿ ಹಬ್ಬದ ಹಾಗೆ ತಲೆ ಬಾಚಿಕೊಂಡು ಕೂತಿದ್ದಳು.

ಆಮೇಲೆ ಅವಳು ಇಳಿಯತೊಡಗಿದಳು. ಮೊದಲು ಜ್ವರ, ಸಂಜೆ ಸಂಜೆ. ಕೆಮ್ಮು ತಿರುಗಿ ಬಂತು, ಈ ಸಲ ಬೇರೆ ಸ್ವರದಲ್ಲಿ, ಖಾಲಿ ಡಬ್ಬಿ ಬಡಿದ ಹಾಗೆ. ಬಳೆಗಳನ್ನು ತೆಗೆದಿಡು ಎಂದಳು. ಕಂಪೌಂಡರು ಬರುತ್ತಿದ್ದರು, ಚುಚ್ಚುತ್ತಿದ್ದರು. "ಹವೆ ಸರಿ ಇಲ್ಲ, ಅದಕ್ಕೆ," ಎಂದರು. ಮತ್ತೊಮ್ಮೆ "ಮೀನು ಕಡಿಮೆ ಮಾಡಿ" ಎಂದರು. ನಮ್ಮದನ್ನು ಕಡಿಮೆ ಮಾಡಿದೆವು. ಅವರ ಪಾಲಿನದನ್ನು ಕಟ್ಟಿಕೊಟ್ಟೆವು.

ಅವಳು ಎದ್ದು ಕೂರಲು ಆಗದ ದಿನ ಅಣ್ಣ ಅವಳನ್ನು ಬೆನ್ನ ಮೇಲೆ ಹೊತ್ತು ರಸ್ತೆಯವರೆಗೆ ಬಂದ. ಊರು ನೋಡಿತು. ನೋಡಲಿ ಎಂದ. ಬಾಡಿಗೆ ಕಾರಿನಲ್ಲಿ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೋದೆವು. ನಾನು ಮೀನು ಕೊಡುವ ಮನೆಗಳ ಎದುರಿನಿಂದಲೇ ಕಾರು ಹೋಯಿತು. ಯಾವ ಮನೆಯಲ್ಲೂ ನನ್ನ ಮೀನನ್ನು ಕಿವಿರು ಎತ್ತಿ ನೋಡದೆ ಕೊಂಡವರಿಲ್ಲ. ಕೆಂಪಗೆ ಉಂಟಾ, ಮೂಸಿ, ಒತ್ತಿ, ತಿರುಗಿಸಿ. ಕೊಟ್ಟ ದುಡ್ಡಿಗೆ ಹಾಗೆ ನೋಡುತ್ತಾರೆ. ಪುಕ್ಕಟೆ ಬಂದದ್ದರ ಕಿವಿರು ಎತ್ತಿ ನೋಡುವುದು ಮರ್ಯಾದೆ ಅಲ್ಲ ಎಂದು ನಮಗೆ ಯಾರು ಕಲಿಸಿದರೋ.

ಅಲ್ಲಿಯ ಡಾಕ್ಟರು ವಯಸ್ಸಿನಲ್ಲಿ ಸಣ್ಣವರು. ಎಲ್ಲ ಕೇಳಿದರು. ಎಷ್ಟು ಸಮಯದಿಂದ, ಯಾವ ಗುಳಿಗೆ, ಇಂಜೆಕ್ಷನ್ ತಪ್ಪಿತಾ.

"ನಡುವೆ ಸ್ವಲ್ಪ ದಿನ ಬಿಟ್ರೆ ತಪ್ಪಿಲ್ಲ. ಮನೆಗೇ ಬಂದು ಕೊಡ್ತಾರೆ," ಎಂದೆ.

"ಇಂಜೆಕ್ಷನ್ ಆದ ಮೇಲೆ ಬಾಯಿಯ ಸುತ್ತ ಜುಮುಗುಡುವುದು, ತಲೆ ತಿರುಗುವುದು, ಕಿವಿಯಲ್ಲಿ ಶಬ್ದ, ಇಂಥದ್ದು ಏನಾದರೂ?"

ತಂಗಿ ಹಾಸಿಗೆಯಿಂದಲೇ ಉತ್ತರ ಕೊಟ್ಟಳು. ಉಸಿರು ಹಿಡಿದು ಹಿಡಿದು ಕೊಟ್ಟಳು. "ಇಲ್ಲ ಡಾಕ್ಟ್ರೆ. ಉಡುಪಿಯ ಆಸ್ಪತ್ರೆಯಲ್ಲಿ, ಮತ್ತೆ ಒಬ್ಬರು ನರ್ಸಮ್ಮ ಕೊಟ್ಟಾಗ ಮಾತ್ರ. ಮನೆಗೆ ಬರುವವರದು ಒಳ್ಳೆ ಕೈಗುಣ."

ಆ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ನನ್ನನ್ನು ಹೊರಗೆ ಕರೆದರು. ಓಣಿಯಲ್ಲಿ ನಿಂತು ಮೆಲ್ಲ ಹೇಳಿದರು. ಎಲ್ಲರಿಗೂ ತಲೆ ತಿರುಗಲೇಬೇಕೆಂದಿಲ್ಲ. ಆದರೆ ಆಸ್ಪತ್ರೆಯಲ್ಲಿ ಆದದ್ದು, ನರ್ಸ್ ಕೊಟ್ಟಾಗ ಆದದ್ದು, ಇವರು ಕೊಟ್ಟಾಗ ಮಾತ್ರ ಒಂದು ದಿನವೂ ಆಗದಿದ್ದರೆ ಅದಕ್ಕೆ ಕಾರಣ ಒಂದೇ. ಎರಡು ಮದ್ದು ಒಟ್ಟಿಗೆ ಹೋಗಬೇಕಿತ್ತು. ಗುಳಿಗೆ ಒಂದೇ ಹೋದರೆ ರೋಗ ಅದನ್ನು ಕಲಿತುಕೊಳ್ಳುತ್ತದೆ. ಈಗ ಕಲಿತಾಗಿದೆ.

"ನೀರಾ?" ಎಂದೆ.

"ನಾನು ನೋಡಿಲ್ಲ. ಆದರೆ ನನಗೆ ಹಾಗೆ ಅನ್ನಿಸ್ತದೆ."

ನಾನು ಅಳಲಿಲ್ಲ. ಒಲೆ ಕಣ್ಣೆದುರು ಬಂತು. ಸೋಗೆ ತುರುಕಿ, ಊದಿ, ಚೆನ್ನಾಗಿ ಕುದಿಯಲಿ ಎಂದು ಕಾದು ನಿಂತದ್ದು. ಅವನಿಗೆ ಬೇಕಾದದ್ದು ಅಷ್ಟೇ ಹೊತ್ತು. ಸೂಜಿ ಕುದಿಯುವಷ್ಟು ಹೊತ್ತು.

ತಂಗಿಗೆ ನಾನು ಇದನ್ನು ಹೇಳಲಿಲ್ಲ. ಅವಳು ಕೇಳಿದಳು, "ಎಂತ ಹೇಳಿದ್ರು ಅಕ್ಕ?" "ಬೇರೆ ಇಂಜೆಕ್ಷನ್ ಕೊಡ್ತಾರಂತೆ," ಎಂದೆ. "ತಲೆ ತಿರುಗುವುದಾ?" ಎಂದು ಕೇಳಿದಳು. "ತಿರುಗಿದ್ರೆ ತಿರುಗಲಿ, ನಾನು ಹಿಡ್ಕೊಳ್ತೇನೆ," ಎಂದೆ. ಆಸ್ಪತ್ರೆಯವರು ಕೈಲಾದದ್ದು ಮಾಡಿದರು. ತಡವಾಗಿತ್ತು. ಒಂದು ಮಧ್ಯಾಹ್ನ, ಊಟದ ಗಾಡಿ ಓಣಿಯಲ್ಲಿ ಬರುತ್ತಿದ್ದ ಹೊತ್ತಿಗೆ, ಅವಳು ಹೋದಳು. ಕೊನೆಗೆ ಕೇಳಿದ್ದು ಮಗುವಿನ ತಲೆಗೆ ಎಣ್ಣೆ ಹಾಕಿದ್ದೀರಾ ಎಂದು.

ಮಗುವನ್ನೂ ಅಲ್ಲಿಯೇ ಪರೀಕ್ಷೆ ಮಾಡಿಸಿದೆವು. ಏನೂ ಇಲ್ಲ, ಶುದ್ಧವಾಗಿದೆ ಎಂದರು. ಇರಲೇಬೇಕು. ಎತ್ತಿಕೊಳ್ಳಬೇಕೆಂದೇ ಬದುಕಿದ್ದವಳು ಒಂದು ದಿನವೂ ಎತ್ತಿಕೊಳ್ಳಲಿಲ್ಲ. ಸರಕಾರ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವಳು ಆ ಇಡೀ ವ್ಯವಸ್ಥೆಯಲ್ಲಿ ಅವಳೊಬ್ಬಳೇ.

ಅವಳ ಕೋಣೆಗೆ ಬಲೆ ವಾಪಸು ಬಂದ ಮೇಲೆ ಒಂದು ಜೀಪು ಬಂತು. ಆಗ ನಮಗೆ ಜಿಲ್ಲೆ ಎಂದರೆ ಮಂಗಳೂರು. ಅಲ್ಲಿಂದ ಒಬ್ಬ ಅಧಿಕಾರಿ ಬಂದಿದ್ದರು, ವಿಚಾರಣೆಗೆ. ಆ ನರ್ಸಮ್ಮ ಮೇಲಿನವರಿಗೆ ದೂರು ಬರೆದಿದ್ದರಂತೆ. ನಾವು ಓಡಿಸಿದವರು ನಮಗೋಸ್ಕರ ಬರೆದಿದ್ದರು. ಅದು ಮೇಜಿನಿಂದ ಮೇಜಿಗೆ ಹೋಗಿ ನಮ್ಮ ಅಂಗಳಕ್ಕೆ ಬರುವಾಗ ಇಷ್ಟಾಗಿತ್ತು.

ಅಧಿಕಾರಿ ಜಗಲಿಯಲ್ಲಿ ಕೂತರು. ಅಣ್ಣ ಹೆಗಲಿನ ಬೈರಾಸು ಕೈಗೆ ತೆಗೆದುಕೊಂಡು ನಿಂತ.

"ಅವರು ಸರಿಯಾಗಿ ಬರುತ್ತಿದ್ದರಾ?"

"ಬರ್ತಿದ್ರು ಸರ್. ಮಳೆಯಲ್ಲೂ ಬರ್ತಿದ್ರು."

"ಹಣ ಕೇಳಿದ್ದುಂಟಾ?"

"ಇಲ್ಲ ಸರ್."

"ಒರಟಾಗಿ ಮಾತಾಡಿದ್ದು, ಮುಟ್ಟಲು ಹಿಂಜರಿದದ್ದು?"

"ಇಲ್ಲವೇ ಇಲ್ಲ. ನಮ್ಮ ಮನೆಯ ನೀರು ಕುಡಿದವರು."

ಎಲ್ಲವೂ ಸತ್ಯವೇ. ಆ ಪ್ರಶ್ನೆಗಳು ಬೇರೊಬ್ಬ ಕಳ್ಳನ ಅಳತೆಗೆ ಹೊಲಿದ ಅಂಗಿಗಳು. ನಮ್ಮ ಕಳ್ಳನಿಗೆ ಹಿಡಿಸುವಂಥದ್ದು ಅವರ ಚೀಲದಲ್ಲಿ ಇರಲಿಲ್ಲ.

ನಾನು ಬಾಗಿಲಿನಿಂದ ಹೇಳಿದೆ, "ಮದ್ದು ನೀರಾಗಿತ್ತು ಸರ್."

ಅವರು ತಲೆ ಎತ್ತಿದರು. "ನೀವು ನೋಡಿದ್ದೀರಾ?"

"ಇಲ್ಲ. ನಾನು ಒಳಗೆ ಸೂಜಿ ಕುದಿಸ್ತಿದ್ದೆ."

"ಬಾಟ್ಲಿಯ ಸೀಲನ್ನು ರೋಗಿಯ ಎದುರು ಒಡೆಯಬೇಕು ಅಂತ ನಿಯಮ ಉಂಟು. ಒಡೆಯುತ್ತಿದ್ದರಾ?"

"ಹಾಗೊಂದು ನಿಯಮ ಉಂಟು ಅಂತ ನಮಗೆ ಯಾರು ಹೇಳಿದ್ದಾರೆ? ಇವತ್ತು ನೀವೇ ಹೇಳಿದ್ದು."

"ಮತ್ತೆ ನೀರು ಅಂತ ಹೇಗೆ ಹೇಳ್ತೀರಿ?"

"ಅವಳ ತುಟಿ ಜುಂ ಅನ್ಲಿಲ್ಲ."

ಅವರು ಕೆಟ್ಟವರಲ್ಲ. "ಅಮ್ಮಾ, ಅದನ್ನು ನಾನು ಎಂತ ಅಂತ ಬರೆಯುವುದು?" ಎಂದರು.

"ಮಣಿಪಾಲದ ಡಾಕ್ಟ್ರನ್ನು ಕೇಳಿ."

ಅಣ್ಣ ಮಧ್ಯೆ ಬಂದ. "ಅವಳಿಗೆ ದುಃಖ ಸರ್. ತಂಗಿಯನ್ನು ಸಾಕಿದವಳು. ಏನೇನೋ ಹೇಳ್ತಾಳೆ. ನಮ್ಮದು ದೂರು ಎಂತದೂ ಇಲ್ಲ." ನನ್ನ ಕಡೆ ತಿರುಗಿ, "ನೀನು ಒಳಗೆ ಹೋಗು ಮಾರಾಯ್ತಿ," ಎಂದ.

ನಾನು ಹೋಗಲಿಲ್ಲ. ಆದರೆ ಮಾತು ಅಲ್ಲಿಗೇ ಮುಗಿಯಿತು. ದೂರಿಲ್ಲ ಎಂದು ಅಣ್ಣ ಸಹಿ ಹಾಕಿದ. ಜೀಪಿನವರೆಗೆ ನಾನೂ ಹೋದೆ. ಅಧಿಕಾರಿ ಹತ್ತುವಾಗ ಸಮಾಧಾನಕ್ಕೆಂಬಂತೆ ಹೇಳಿದರು, "ಆ ಮನುಷ್ಯನನ್ನು ಇಲ್ಲಿಂದ ತೆಗೆದಾಗಿದೆ ಅಮ್ಮ. ಬಜಗೋಳಿ ಕಡೆಗೆ ವರ್ಗ ಮಾಡಿದ್ದಾರೆ."

"ಅಲ್ಲಿ ಎಂತ ಕೆಲಸ?"

ಅವರು ನನ್ನ ಮುಖ ನೋಡಲಿಲ್ಲ. "ಅದೇ ಕೆಲಸ," ಎಂದರು.

ಜೀಪು ಹೋದ ಮೇಲೆ ಅಣ್ಣ ಮೆಟ್ಟಿಲ ಮೇಲೆ ಕೂತ. ಮಗು ನಿಲ್ಲುತ್ತಿದ್ದ ಜಾಗದಲ್ಲೇ ಕೂತ. "ಕೋರ್ಟು ಕಚೇರಿ ಅಂತ ಹೋದ್ರೆ ಪೇಪರಿನಲ್ಲಿ ಬರ್ತದೆ. ಕ್ಷಯದ ಮನೆಯ ಹುಡುಗಿ ಅಂತ ಈ ಮಗುವಿಗೆ ಹೆಸರು ಬಿದ್ರೆ ನಾಳೆ ಇವಳನ್ನು ಯಾರು ತಗೊಳ್ತಾರೆ? ಸತ್ತವಳು ಬರ್ತಾಳಾ?"

ಅವನು ಹೇಳಿದ್ದು ಸುಳ್ಳಲ್ಲ. ತಂಗಿಯನ್ನು ಬೆನ್ನ ಮೇಲೆ ಹೊತ್ತವನ ಹತ್ತಿರ ಜಗಳ ಮಾಡಲು ನನಗೆ ಆಗಲಿಲ್ಲ. "ಗಂಜಿ ಕುಡಿ," ಎಂದೆ. ಅವನು ಕುಡಿಯಲಿಲ್ಲ, ನಾನೂ ಕುಡಿಯಲಿಲ್ಲ.

ಮರುದಿನ ಬೆಳಿಗ್ಗೆ ಮಗುವನ್ನು ಅತ್ತಿಗೆಗೆ ಒಪ್ಪಿಸಿ, ಬುಟ್ಟಿಗೆ ಬಂಗುಡೆ ತುಂಬಿಸಿದೆ. ಮಣಿಪಾಲಕ್ಕೆ ಹೋಗಲಿಲ್ಲ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದೆ, ಅಲ್ಲಿಂದ ಬಜಗೋಳಿಯ ಬಸ್ಸು. ಕಂಡಕ್ಟರ್ ಬುಟ್ಟಿ ಏರಿಸುತ್ತಾ, "ಎಂತ ಅಮ್ಮ, ಇವತ್ತು ಮೀನಿಗೆ ಘಟ್ಟ ತೋರಿಸ್ಲಿಕ್ಕಾ?" ಎಂದ. ಹೌದು ಎಂದೆ.

ಪೇಟೆಯ ಚಹಾದಂಗಡಿಯಲ್ಲಿ ಕೇಳಿದೆ. ಗಂಧ ಹಚ್ಚಿಕೊಂಡು ಸೈಕಲ್ಲಿನಲ್ಲಿ ಬರುವ ಇಂಜೆಕ್ಷನಿನವರು ಯಾವ ಮನೆಗಳಿಗೆ ಹೋಗುತ್ತಾರೆ ಎಂದು. ಅವರ ಕಡೆಯವಳು ಎಂದುಕೊಂಡಿರಬೇಕು, ಮರ್ಯಾದೆಯಿಂದ ದಾರಿ ತೋರಿಸಿದರು. ಮೀನಿನವಳಿಗೆ ಯಾರ ಅಂಗಳವೂ ಹೊಸತಲ್ಲ. ಹೋಗಿ ಕೂಗಿದೆ. ಒಬ್ಬ ಹೆಂಗಸು ಹೊರಗೆ ಬಂದಳು. ಒಳಗೆ ಯಾರೋ ಕೆಮ್ಮಿದರು. ಆ ಸ್ವರ ನನಗೆ ಗೊತ್ತು.

"ಯಾರಿಗೆ ಹುಷಾರಿಲ್ಲ?"

"ಮಗನಿಗೆ. ಈಗ ಅಡ್ಡಿಲ್ಲ. ಮನೆಗೇ ಬಂದು ಇಂಜೆಕ್ಷನ್ ಕೊಡ್ತಾರೆ." ಅವಳು ಬುಟ್ಟಿಯ ಮುಂದೆ ಕೂತು ಮೀನಿನ ಕಿವಿರು ಎತ್ತಿ ಎತ್ತಿ ನೋಡಿದಳು. "ಡಾಕ್ಟ್ರು ಬರುವ ಹೊತ್ತಾಯ್ತು. ಅವರಿಗೂ ಸ್ವಲ್ಪ ಕಟ್ಟಿಕೊಡ್ಬೇಕು, ಒಳ್ಳೆಯದು ನೋಡಿ ತೆಗೀರಿ."

"ಇಂಜೆಕ್ಷನ್ ಆದ ಮೇಲೆ ಮಗನಿಗೆ ತಲೆ ತಿರುಗ್ತದಾ? ತುಟಿ ಜುಂ ಅಂತದಾ?"

"ಮೊದಲು ಆಸ್ಪತ್ರೆಯಲ್ಲಿ ಆಗ್ತಿತ್ತು. ಈಗ ಎಂತದೂ ಇಲ್ಲ." ಅವಳ ಮುಖ ಅರಳಿತು. "ಇವರ ಕೈಗುಣ ಹಾಗೆ."

ನಾನು ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದೆ. ಎದ್ದು, ಅಂಗಳದ ಬದಿಯಲ್ಲಿ ಬಿದ್ದಿದ್ದ ಕಲ್ಲುಗಳನ್ನು ತಂದು ಅವಳ ಮಗ ಮಲಗಿದ್ದ ಕೋಣೆಯ ಬಾಗಿಲಿನ ಎದುರು ಕೂಡಿಸಿ ಇಟ್ಟೆ.

"ಎಂತ ಮಾಡ್ತಿದ್ದೀರಿ ನೀವು?" ಎಂದಳು ಅವಳು.

"ಒಲೆ. ಒಂದು ಪಾತ್ರೆ ನೀರು ತನ್ನಿ. ಸೂಜಿ ಇನ್ನು ಇಲ್ಲೇ ಕುದೀಲಿ. ಅವರು ಬಾಟ್ಲಿ ತೆಗೆಯುವಾಗ ನೀವು ಒಳಗೆ ಹೋಗ್ಬಾರದು. ನನ್ನ ತಂಗಿಗೂ ಇದೇ ಕೈಗುಣ ಆಗಿತ್ತು, ಅವಳು ಉಳೀಲಿಲ್ಲ."

ಅವಳು ಮಗನ ಕೋಣೆಯ ಕಡೆ ತಿರುಗಿ ನೋಡಿದಳು. ಆಮೇಲೆ ಒಳಗೆ ಹೋದಳು, ಪಾತ್ರೆ ತಂದಳು. ನಾನು ಒಣಗಿದ ಸೋಗೆ ಮುರಿದು ಕಲ್ಲುಗಳ ನಡುವೆ ತುರುಕಿ ಬೆಂಕಿ ಹಚ್ಚಿದೆ.